ಮಗುವಿಗೆ ಮಾತು ತಡವಾದರೆ ಎಲ್ಲಿಂದ ಶುರು ಮಾಡೋದು? ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

“ಎರಡೂವರೆ ವರ್ಷ ತುಂಬ್ತು, ಇನ್ನೂ ‘ಅಮ್ಮ’ ಅಂದಿಲ್ಲ. ಅತ್ತೆ ಹೇಳ್ತಾರೆ, ಇವನಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದಂತೆ. ಕಾಯೋದಾ, ತೋರ್ಸೋದಾ?”

ಫೋನು ಹೊಸನಗರದಿಂದ ಬರಲಿ, ಸೊರಬದಿಂದ ಬರಲಿ, ಶಿವಮೊಗ್ಗ ಪೇಟೆಯೊಳಗಿಂದಲೇ ಬರಲಿ, ಪ್ರಶ್ನೆ ಹೆಚ್ಚುಕಡಿಮೆ ಇದೇ. ಹೇಳಿದ್ದನ್ನೇ ಹೇಳಿ ಹೇಳಿ, ಒಮ್ಮೆ ಸರಿಯಾಗಿ ಬರೆದಿಟ್ಟರೆ ಕಳಿಸಿಕೊಡಲಿಕ್ಕಾದರೂ ಆದೀತು ಎಂದು ಕೂತೆ. ನಾನು ಡಾಕ್ಟರಲ್ಲ, ವಿಶೇಷ ಶಿಕ್ಷಕಿ. ತೊಂದರೆಗೆ ಹೆಸರಿಡುವುದು ನನ್ನ ಕೆಲಸವಲ್ಲ. ಆದರೆ ಅಪ್ಪ-ಅಮ್ಮ ಎಲ್ಲಿ ಎಡವುತ್ತಾರೆ, ಎಲ್ಲಿ ವರ್ಷಗಟ್ಟಲೆ ಕಳೆದುಕೊಳ್ಳುತ್ತಾರೆ ಎನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ: ತೋರಿಸಿ. ತೋರಿಸಿ ಏನೂ ಇಲ್ಲ ಅಂತಾದರೆ ಒಂದು ದಿನದ ಕೆಲಸ, ಬಸ್ ಚಾರ್ಜು ಹೋಯಿತು, ಅಷ್ಟೇ. ಕಾದು, ಆಮೇಲೆ ಇದೆ ಅಂತಾದರೆ ಹೋಗುವುದು ಮಗುವಿನ ಮೊದಲ ಮೂರು ವರ್ಷ. ಮಿದುಳು ಅತಿ ವೇಗವಾಗಿ ಬೆಳೆಯುವ, ಕಲಿಸಿದ್ದು ಬೇಗ ಹಿಡಿಯುವ ಕಾಲ ಅದು. ಮತ್ತೆ ಕೇಳಿದರೂ ಸಿಗದು.

ಮೊದಲು ಕೆಲವು ಶಬ್ದ

ಆಸ್ಪತ್ರೆಯಲ್ಲಿ ಈ ಹೆಸರುಗಳು ಕಿವಿಗೆ ಬೀಳುತ್ತವೆ, ಯಾರೂ ಬಿಡಿಸಿ ಹೇಳುವುದಿಲ್ಲ.

‘ಡೆವಲಪ್‌ಮೆಂಟಲ್ ಡಿಲೇ’ ಅಂದರೆ ಬೆಳವಣಿಗೆಯ ವಿಳಂಬ: ವಯಸ್ಸಿಗೆ ತಕ್ಕ ನಡಿಗೆ, ಮಾತು, ಆಟ ಬಂದಿಲ್ಲ ಎಂದಷ್ಟೇ ಅರ್ಥ. ಕಾರಣ ಏನೆಂದು ಅದು ಹೇಳುವುದಿಲ್ಲ. ‘ಆಟಿಸಂ’ನಲ್ಲಿ ಮಗು ಬೇರೆಯವರ ಜೊತೆ ಬೆರೆಯುವ, ಸಂವಹನ ಮಾಡುವ ರೀತಿ ಬೇರೆ ಇರುತ್ತದೆ; ಅದದೇ ಆಟ, ಅದದೇ ಚಲನೆ, ಶಬ್ದ-ಸ್ಪರ್ಶಕ್ಕೆ ಅತಿಯಾದ ಅಥವಾ ಅತಿ ಕಡಿಮೆ ಪ್ರತಿಕ್ರಿಯೆ ಜೊತೆಗಿರುತ್ತವೆ. ‘ಎಡಿಎಚ್‌ಡಿ’ ಅಂದರೆ ವಯಸ್ಸಿಗೆ ಮೀರಿದ ಚಂಚಲತೆ, ಗಮನ ನಿಲ್ಲದಿರುವುದು, ಮುಂದಾಲೋಚನೆಯಿಲ್ಲದೆ ನುಗ್ಗುವುದು. ಅದು ಮನೆಯಲ್ಲೂ ಶಾಲೆಯಲ್ಲೂ ಕಾಣಬೇಕು, 6 ತಿಂಗಳಾದರೂ ಇರಬೇಕು. ಅಜ್ಜಿಮನೆಯಲ್ಲಿ ಮಾತ್ರ ಕುಣಿಯುವ ಹುಡುಗನಿಗೆ ಎಡಿಎಚ್‌ಡಿ ಅಲ್ಲ, ಅಜ್ಜಿ ಇದ್ದಾರೆ. ‘ಸೆರೆಬ್ರಲ್ ಪಾಲ್ಸಿ’ ಅಂದರೆ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾಗಿ ಸ್ನಾಯುಗಳ ಹಿಡಿತ ತಪ್ಪುವುದು. ಬುದ್ಧಿ ಪೂರ್ತಿ ಚುರುಕಾಗಿರಲೂಬಹುದು. ‘ಬೌದ್ಧಿಕ ವಿಕಲತೆ’ಯಲ್ಲಿ ಕಲಿಕೆಯೂ ದಿನನಿತ್ಯದ ಕೆಲಸಗಳೂ ಒಟ್ಟಾರೆ ನಿಧಾನ. ‘ಡಿಸ್‌ಲೆಕ್ಸಿಯಾ’ದಂಥ ಕಲಿಕಾ ನ್ಯೂನತೆಯಲ್ಲಿ ಮಗು ಮಾತಿನಲ್ಲಿ ಜಾಣ, ಓದು-ಬರಹದಲ್ಲಿ ಮಾತ್ರ ಮುಗ್ಗರಿಸುತ್ತದೆ. ಒಂದೇ ಮಗುವಿನಲ್ಲಿ ಎರಡು ಒಟ್ಟಿಗೆ ಇರುವುದು ಅಪರೂಪವಲ್ಲ.

‘ಓಟಿ’ ಅಂದರೆ ಆಕ್ಯುಪೇಷನಲ್ ಥೆರಪಿ: ಉಣ್ಣುವುದು, ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು ಇಂಥ ದಿನದ ಕೆಲಸಗಳ ತರಬೇತಿ. ಆಪರೇಷನ್ ಥಿಯೇಟರ್ ಅಂದುಕೊಂಡು ಹೆದರಿದವರಿದ್ದಾರೆ, ಅದಕ್ಕೇ ಬರೆದೆ.

ಹಂತ 1: ನೋಡಿ, ಬರೆದಿಡಿ, ವಿಡಿಯೋ ಮಾಡಿ

ಒಂದು 40 ಪುಟದ ನೋಟ್‌ಬುಕ್ ಸಾಕು. ಎದುರು ತಾಯಿ ಕಾರ್ಡ್ ಇಟ್ಟುಕೊಳ್ಳಿ. ಲಸಿಕೆ ಬರೆಸಿದ ಮೇಲೆ ಆ ಕಾರ್ಡನ್ನು ಟ್ರಂಕಿಗೆ ಹಾಕಿಬಿಡುತ್ತೇವೆ. ಯಾವ ತಿಂಗಳಿಗೆ ಮಗು ಏನು ಮಾಡಬೇಕು ಎನ್ನುವ ಚಿತ್ರಗಳು ಅದರಲ್ಲೇ ಇರುತ್ತವೆ.

ಸರಾಸರಿ ಮಗು ಯಾವಾಗ ಏನು ಮಾಡುತ್ತದೆ ಎನ್ನುವುದಕ್ಕಿಂತ, ಎಷ್ಟರೊಳಗೆ ಮಾಡದಿದ್ದರೆ ತೋರಿಸಲೇಬೇಕು ಎನ್ನುವುದು ನಿಮಗೆ ಹೆಚ್ಚು ಉಪಯೋಗ. 2-3 ತಿಂಗಳಿಗೆ ಮುಖ ನೋಡಿ ನಗದಿದ್ದರೆ, 4 ತಿಂಗಳು ಮುಗಿದರೂ ಕುತ್ತಿಗೆ ನಿಲ್ಲದಿದ್ದರೆ, 9 ತಿಂಗಳು ದಾಟಿದರೂ ಆಸರೆಯಿಲ್ಲದೆ ಕೂರದಿದ್ದರೆ, ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ಅಥವಾ ಒಂದೂ ಅರ್ಥವಿರುವ ಶಬ್ದ ಇಲ್ಲದಿದ್ದರೆ, 2 ವರ್ಷಕ್ಕೆ ‘ಅಜ್ಜ ಬಾ’, ‘ಹಾಲು ಕೊಡು’ ಎಂದು ಎರಡು ಶಬ್ದ ಜೋಡಿಸದಿದ್ದರೆ ತೋರಿಸಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ಕಳೆದು ವಯಸ್ಸು ಲೆಕ್ಕ ಹಾಕಿ. 2 ವರ್ಷದವರೆಗೆ ಹೀಗೆ ಮಾಡುವುದೇ ಕ್ರಮ. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಾ ಇನ್ನೊಂದನ್ನು ಮುಷ್ಟಿ ಬಿಗಿದು ಇಟ್ಟುಕೊಳ್ಳುವ ಮಗುವನ್ನು ‘ಎಡಚ’ ಎಂದು ಬಿಡಬೇಡಿ, ಅದನ್ನೂ ತೋರಿಸಿ.

ಬೆರಳು ತೋರಿಸುವುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮಾತಿಗಿಂತ ಇದೇ ಮುಖ್ಯ ಸುಳಿವು. ಮಗು ಬಿಸ್ಕತ್ ಡಬ್ಬಿಗೆ ಬೆರಳು ಮಾಡಿದರೆ ಅದು ಬೇಡಿಕೆ. ತೋಟದ ಮೇಲೆ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದು ಹೋದಾಗ ಬೆರಳು ತೋರಿಸಿ, ನಿಮ್ಮ ಮುಖ ನೋಡಿ, ಮತ್ತೆ ಹಕ್ಕಿ ನೋಡಿದರೆ ಅದು ಬೇರೆಯೇ: ‘ನಾನು ನೋಡಿದ್ದನ್ನು ನೀನೂ ನೋಡು’ ಎನ್ನುತ್ತಿದೆ. ಮಾತು ಹುಟ್ಟುವುದು ಈ ಹಂಚಿಕೊಳ್ಳುವ ಆಸೆಯಿಂದ. ಒಂದೂವರೆ ವರ್ಷವಾದರೂ ಈ ಎರಡನೆಯದು ಇಲ್ಲ, ಬೇಕಾದ್ದಕ್ಕೆಲ್ಲ ನಿಮ್ಮ ಕೈ ಹಿಡಿದೆಳೆದು ಅದನ್ನೇ ಉಪಕರಣದ ಹಾಗೆ ಬಳಸುತ್ತಿದೆ ಎಂದಾದರೆ ನೋಟ್‌ಬುಕ್ಕಿನಲ್ಲಿ ದಪ್ಪಕ್ಕೆ ಬರೆಯಿರಿ.

ವಿಡಿಯೋ ಏಕೆ? ಆಸ್ಪತ್ರೆಯಲ್ಲಿ ಮಗು ಅಳುತ್ತದೆ, ಇಲ್ಲವೇ ಮರದ ಬೊಂಬೆಯಂತೆ ಕೂರುತ್ತದೆ. ಮನೆಯಲ್ಲಿ ಆಡುವುದು, ಉಣ್ಣುವುದು, ಕರೆದಾಗ ಏನು ಮಾಡುತ್ತದೆ ಎನ್ನುವುದು, ಒಂದೊಂದೂ ಎರಡು ನಿಮಿಷದ್ದು ಇರಲಿ. ಚೆಂದದ ವಿಡಿಯೋ ಬೇಡ, ನಿಜದ್ದು ಬೇಕು.

ಎರಡು ಸಂಗತಿಗೆ ನೋಟ್‌ಬುಕ್ಕೂ ಬೇಡ, ಮುಹೂರ್ತವೂ ಬೇಡ. ಬರುತ್ತಿದ್ದ ಮಾತು, ನಗು, ನಡಿಗೆ ಹೋಗಿಬಿಟ್ಟರೆ, ಯಾವ ವಯಸ್ಸಿನಲ್ಲೇ ಆಗಲಿ, ಆ ವಾರವೇ ತೋರಿಸಿ. ಕೂಸು ಒಂದರ ಹಿಂದೊಂದರಂತೆ ತಲೆ ಮುಂದಕ್ಕೆ ಕುಕ್ಕಿ, ಕೈ ಚಾಚಿ, ಸಾಲಾಗಿ ಬೆಚ್ಚಿಬೀಳುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಅದು ಹೊಟ್ಟೆನೋವೂ ಅಲ್ಲ, ಬಾಲಗ್ರಹವೂ ಅಲ್ಲ. ಮಿದುಳಿಗೆ ಹಾನಿ ಮಾಡುವ ಒಂದು ಬಗೆಯ ಫಿಟ್ಸ್ ಇರಬಹುದು. ಹಾಗೆ ಬೆಚ್ಚುತ್ತಿರುವಾಗಲೇ ಒಂದು ವಿಡಿಯೋ ಹಿಡಿಯಿರಿ.

ಹಂತ 2: ಎಲ್ಲಕ್ಕಿಂತ ಮೊದಲು ಕಿವಿ

ಮಾತು ಬಾರದ ಮಗುವಿಗೆ ಮೊದಲ ಪರೀಕ್ಷೆ ಕಿವಿಯದ್ದು. ‘ಕೇಳತ್ತೆ, ತಟ್ಟೆ ಬಡಿದರೆ ತಿರುಗ್ತಾನೆ’ ಎಂದು ಪ್ರತಿಯೊಬ್ಬರೂ ಹೇಳುತ್ತಾರೆ. ತಟ್ಟೆಯ ಸದ್ದು ಭಾರಿ ದೊಡ್ಡದು, ಮೇಲಾಗಿ ನಿಮ್ಮ ಕೈ ಆಡಿದ್ದು ಕಣ್ಣಂಚಿಗೆ ಕಾಣುತ್ತದೆ. ಕೆಲವು ಮಕ್ಕಳಿಗೆ ದಪ್ಪ ಸದ್ದು ಕೇಳಿ ‘ಸ’, ‘ಚ’, ‘ಪ’ದಂಥ ತೆಳು ಧ್ವನಿಗಳೇ ಕೇಳಿಸುವುದಿಲ್ಲ. ಬಾಗಿಲು ಬಡಿದರೆ ಬೆಚ್ಚುವ ಮಗುವಿಗೆ ನೀವು ಹೇಳಿದ ಮಾತು ಅರ್ಧಂಬರ್ಧ ಮುಟ್ಟುತ್ತಿರಬಹುದು. ಮಳೆಗಾಲವಿಡೀ ಶೀತ ಬಿಡದ ನಮ್ಮ ಕಡೆಯ ಮಕ್ಕಳಲ್ಲಿ ಕಿವಿಯ ಪರದೆಯ ಹಿಂದೆ ನೀರು ನಿಂತು ಕೇಳಿಸುವುದು ಮಂದವಾಗುವುದೂ ಉಂಟು. ಅದಕ್ಕೆ ಚಿಕಿತ್ಸೆ ಇದೆ.

ಪರೀಕ್ಷೆ ಎರಡು ಬಗೆ. ‘ಓಎಇ’ ಕೆಲವೇ ನಿಮಿಷದ್ದು, ಕಿವಿಯೊಳಗೆ ಸಣ್ಣ ಬಿರಡೆಯಂಥದ್ದು ಇಡುತ್ತಾರೆ. ‘ಬೆರಾ’ದಲ್ಲಿ ತಲೆಗೆ ತಂತಿ ಅಂಟಿಸಿ, ಸದ್ದು ಮಿದುಳಿನವರೆಗೆ ಹೋಗುತ್ತಿದೆಯೇ ಎಂದು ನೋಡುತ್ತಾರೆ. ಎರಡರಲ್ಲೂ ನೋವಿಲ್ಲ. ಆದರೆ ಬೆರಾಕ್ಕೆ ಮಗು ನಿದ್ದೆ ಮಾಡಬೇಕು. ಇಲ್ಲೇ ಎಲ್ಲರೂ ಸೋಲುವುದು: ತೀರ್ಥಹಳ್ಳಿಯಿಂದ ಬೆಳಿಗ್ಗೆ ಹೊರಟ ಮಗು ಬಸ್ಸಿನಲ್ಲೇ ಚೆನ್ನಾಗಿ ನಿದ್ದೆ ಹೊಡೆದು, ಪರೀಕ್ಷೆಯ ಕೋಣೆಯಲ್ಲಿ ಕಣ್ಣರಳಿಸಿಕೊಂಡು ಕೂರುತ್ತದೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೇಗ ಎಬ್ಬಿಸಿ, ದಾರಿಯಲ್ಲಿ ಕಿಟಕಿ ಪಕ್ಕ ಕೂರಿಸಿ ಆಡಿಸುತ್ತಾ ಬನ್ನಿ. ನಿದ್ದೆಯ ಔಷಧಿ ಕೊಡಬೇಕಾಗಿ ಬಂದರೆ ಅದು ಆಸ್ಪತ್ರೆಯಲ್ಲಿ ವೈದ್ಯರ ಎದುರೇ ಆಗಲಿ.

ಇದೇ ಹಂತದಲ್ಲಿ ಥೈರಾಯ್ಡ್ ರಕ್ತಪರೀಕ್ಷೆಯ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇದ್ದು ಗುರುತಿಸದೆ ಬಿಟ್ಟರೆ ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ. ಹುಟ್ಟಿದ ಮೊದಲ ವಾರಗಳಲ್ಲೇ ಹಿಡಿದರೆ ದಿನಕ್ಕೊಂದು ಅಗ್ಗದ ಮಾತ್ರೆಯಲ್ಲಿ ತಡೆಯಬಹುದು.

ಹಂತ 3: ಎಲ್ಲಿಗೆ ಹೋಗಬೇಕು

ಮನೆಗೆ ಹತ್ತಿರದ ಬಾಗಿಲು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಅಂದರೆ ‘ಆರ್‌ಬಿಎಸ್‌ಕೆ’ಯಡಿ, ವೈದ್ಯರ ತಂಡವೊಂದು ಅಂಗನವಾಡಿಗೆ ವರ್ಷಕ್ಕೆ 2 ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ 1 ಸಲ ಬಂದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಬೇಕು. ತಂಡ ಬರುವ ದಿನ ಕೇಳಿಟ್ಟುಕೊಳ್ಳಿ. ‘ಮಗು ಅಂಗನವಾಡಿಗೇ ಹೋಗಲ್ಲ’ ಅನ್ನುವವರು ಆ ದಿನ ಮಾತ್ರವಾದರೂ ಕರೆದೊಯ್ಯಿರಿ. ಅವರು ಬರೆದುಕೊಡುವ ರೆಫರಲ್ ಚೀಟಿ ಜೋಪಾನ.

ಅಲ್ಲಿಂದ ಮುಂದಿನದು ಜಿಲ್ಲಾ ಮಟ್ಟದ ‘ಡಿಇಐಸಿ’, ಶೀಘ್ರ ಗುರುತಿಸಿ ನೆರವು ಕೊಡುವ ಕೇಂದ್ರ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಮೊದಲು ವಿಚಾರಿಸಿ. ಕಿವಿ-ಮೂಗು-ಗಂಟಲು ವಿಭಾಗ, ಮನೋವೈದ್ಯ ವಿಭಾಗ ಎರಡೂ ಅದೇ ಆವರಣದಲ್ಲಿ ಸಿಗುವುದರಿಂದ ಅಲೆದಾಟ ಕಡಿಮೆ. ತಂಡದ ಚೀಟಿ ಇಲ್ಲದಿದ್ದರೂ ನೇರ ಹೋಗಬಹುದು. ಚೀಟಿಗಾಗಿ 6 ತಿಂಗಳು ಕಾಯಬೇಡಿ.

ಮಾತು ಮತ್ತು ಕಿವಿಗೆ ಸಂಬಂಧಿಸಿದ ಪೂರ್ಣ ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಬಹುದು, ‘ಆಯಿಷ್’ ಎಂದರೆ ಎಲ್ಲರಿಗೂ ಗೊತ್ತು. 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ತಾಳಗುಪ್ಪ-ಮೈಸೂರು ರೈಲು ಸಾಗರ, ಶಿವಮೊಗ್ಗ, ಭದ್ರಾವತಿ ಹಾದು ಹೋಗುವುದರಿಂದ ನಮ್ಮವರಿಗೆ ಅನುಕೂಲ. ತಪಾಸಣೆ ಒಂದೇ ದಿನಕ್ಕೆ ಮುಗಿಯದಿರಬಹುದು, ಎರಡು ದಿನದ ತಯಾರಿಯಲ್ಲಿ ಹೋಗಿ. ವರ್ತನೆಯ ತೊಂದರೆ ಬಹಳವಿದ್ದರೆ, ನಿರ್ಣಯ ಗೊಂದಲವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ.

ಒಯ್ಯಬೇಕಾದ್ದು: ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ (ಹುಟ್ಟಿದ ತೂಕ, ಕೂಡಲೇ ಅತ್ತಿತೋ ಇಲ್ಲವೋ, ಕಾಮಾಲೆ ಬಂದಿತ್ತೋ ಎಂಬುದು ಅದರಲ್ಲಿರುತ್ತದೆ), ನೋಟ್‌ಬುಕ್, ವಿಡಿಯೋ, ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್. ಜೊತೆಗೆ ಮಗುವಿಗೆ ಇಷ್ಟದ ಒಂದು ಆಟಿಕೆ ಮತ್ತು ತಿಂಡಿ. ದಿನವಿಡೀ ಮಗುವನ್ನು ನೋಡಿಕೊಳ್ಳುವವರು ಅಜ್ಜಿಯಾದರೆ ಅಜ್ಜಿಯೂ ಬರಲಿ. ನಮ್ಮಲ್ಲಿ ಅಪ್ಪ ಮಾತಾಡುತ್ತಾರೆ, ವಿಷಯ ಗೊತ್ತಿರುವವರು ಹಿಂದೆ ನಿಂತಿರುತ್ತಾರೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಮುಚ್ಚಿಡಬೇಡಿ. ಕೆಲವು ಆನುವಂಶಿಕ ತೊಂದರೆಗಳ ಹುಡುಕಾಟಕ್ಕೆ ಅದು ಬೇಕು, ನಿಮ್ಮನ್ನು ಬೈಯಲಿಕ್ಕಲ್ಲ.

ಎಚ್ಚರಿಕೆ: ಐದು ತಿಂಗಳಲ್ಲಿ ಐದು ಊರು ಸುತ್ತಬೇಡಿ. ಎರಡನೇ ಅಭಿಪ್ರಾಯ ಕೇಳುವುದು ಸರಿ, ಐದನೆಯದು ಸಾಮಾನ್ಯವಾಗಿ ನಮಗೆ ಬೇಕಾದ ಉತ್ತರಕ್ಕಾಗಿ.

ಹಂತ 4: ಹೆಸರು ಸಿಕ್ಕಿದ ದಿನ

ಡಾಕ್ಟರು ‘ಆಟಿಸಂ’ ಅಂದ ಮೇಲೆ ಅವರು ಹೇಳಿದ ಮುಂದಿನ ಯಾವ ಮಾತೂ ತಲೆಗೆ ಹೋಗುವುದಿಲ್ಲ. ಅದು ಸಹಜ. ಬರೆಸಿಕೊಂಡು ಬನ್ನಿ, ವಾರ ಬಿಟ್ಟು ಮತ್ತೆ ಕೇಳಿ.

ಆ ವಾರ ಮನೆಯಲ್ಲಿ ನಡೆಯುವ ಪಂಚಾಯಿತಿಗೆ ಒಂದಿಷ್ಟು ಉತ್ತರ. ತಾಯಿ ಸರಿಯಾಗಿ ಮುದ್ದು ಮಾಡಲಿಲ್ಲ ಎಂದು ಆಟಿಸಂ ಬರುವುದಿಲ್ಲ; ಕಳೆದ ಶತಮಾನದಲ್ಲಿ ಹಾಗೆ ನಂಬಿದ್ದ ವೈದ್ಯರಿದ್ದರು, ಆ ವಾದ ಬಿದ್ದುಹೋಗಿ ದಶಕಗಳಾದವು. ಲಸಿಕೆಯಿಂದಲೂ ಬರುವುದಿಲ್ಲ: ಹಾಗೆಂದ 1998ರ ಬ್ರಿಟನ್ನಿನ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೂ ಅಲ್ಲ. ಮನೆಯಲ್ಲಿ ಹವ್ಯಕ ಭಾಷೆ, ಅಂಗನವಾಡಿಯಲ್ಲಿ ಶಾಲೆಯ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು ಅಥವಾ ಕೊಂಕಣಿ ಕೇಳಿ ಮಗು ಗೊಂದಲಗೊಂಡು ಮಾತು ನಿಲ್ಲಿಸುವುದೂ ಇಲ್ಲ. ದಯವಿಟ್ಟು ನಿಮ್ಮ ಮನೆಮಾತು ಬಿಟ್ಟು ಹರಕು ಇಂಗ್ಲಿಷಿಗೆ ಇಳಿಯಬೇಡಿ.

ಮೊಬೈಲಿನಿಂದ ಬಂತಾ? ಮೊಬೈಲ್ ಆಟಿಸಂ ಹುಟ್ಟಿಸುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಆದರೆ ಪರದೆ ನೋಡುವ ಪ್ರತಿ ಗಂಟೆಯೂ ಮನುಷ್ಯರ ಜೊತೆ ಆಡುವ ಗಂಟೆಯನ್ನು ತಿನ್ನುತ್ತದೆ, ಮಾತು ಹಿಂದೆ ಬೀಳುತ್ತದೆ. 2 ವರ್ಷದೊಳಗೆ ಪರದೆ ಬೇಡವೇ ಬೇಡ, 2ರಿಂದ 4ರವರೆಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ತೋಟದ ನಡುವಿನ ಒಂಟಿ ಮನೆಯಲ್ಲಿ, ಆಡಲು ಇನ್ನೊಂದು ಮಗುವಿಲ್ಲದ ಕಡೆ ಇದು ಎಷ್ಟು ಕಷ್ಟ ಎಂದು ಬಲ್ಲೆ. ಅಂಥ ಮನೆಯವರಿಗೇ ಅಂಗನವಾಡಿ ಹೆಚ್ಚು ಬೇಕು.

‘ಗುಣ ಆಗತ್ತಾ?’ ಆಟಿಸಂ ಜ್ವರದ ಹಾಗೆ ಇಳಿದುಹೋಗುವಂಥದ್ದಲ್ಲ. ಮಗು ಕಲಿಯುತ್ತದೆ, ಕೆಲವರು ಬಹಳ, ಕೆಲವರು ಸ್ವಲ್ಪ. ಯಾವ ಮಗು ಎಷ್ಟು ಎಂದು 3 ವರ್ಷಕ್ಕೇ ಹೇಳುವವರನ್ನು ನಂಬಬೇಡಿ, ಒಳ್ಳೆಯದು ಹೇಳಿದರೂ, ಕೆಟ್ಟದು ಹೇಳಿದರೂ.

ಹಂತ 5: ಮನೆಯಲ್ಲಿ ದಿನವೂ ಮಾಡುವ ಕೆಲಸ

ಇದು ಲೇಖನದ ಹೊಟ್ಟೆ. ನಿರ್ಣಯ ಬರುವವರೆಗೂ ಕಾಯದೆ ಇವತ್ತೇ ಶುರು ಮಾಡಬಹುದಾದದ್ದು ಇದೊಂದೇ. ವಾರಕ್ಕೆ ಎರಡು ಗಂಟೆ ಥೆರಪಿಗೆ ಹೋಗಿಬಂದು ಉಳಿದ ಹೊತ್ತು ಮಗುವನ್ನು ಅದರ ಪಾಡಿಗೆ ಬಿಟ್ಟರೆ ಹೋದ ದಾರಿ ದಂಡ. ಥೆರಪಿಸ್ಟ್ ಮಗುವಿಗಿಂತ ಹೆಚ್ಚಾಗಿ ನಿಮಗೆ ಕಲಿಸಬೇಕು.

ಬಚ್ಚಲುಮನೆಯಿಂದಲೇ ಹಿಡಿಯೋಣ. ಮಗುವನ್ನು ಮಣೆಯ ಮೇಲೆ ಕೂರಿಸಿದಿರಿ. ನೀವೂ ಕುಕ್ಕರಗಾಲಲ್ಲಿ ಕೂತು ಮುಖಕ್ಕೆ ಮುಖ ಕೊಡಿ. ಚೊಂಬಿನಲ್ಲಿ ನೀರೆತ್ತಿ, ‘ನೀರು’ ಎನ್ನಿ, ಸುರಿಯಿರಿ. ಮತ್ತೆ ಎತ್ತಿ, ‘ನೀರು’, ಸುರಿಯಿರಿ. ಮೂರನೇ ಸಲ ಚೊಂಬು ಎತ್ತಿ ಸುಮ್ಮನೆ ನಿಲ್ಲಿಸಿ. ಮನಸ್ಸಿನಲ್ಲೇ 10ರವರೆಗೆ ಎಣಿಸಿ. ಮಗು ಕಣ್ಣೆತ್ತಿ ನೋಡಬಹುದು, ಕೈ ಎತ್ತಬಹುದು, ‘ನೀ’ ಎನ್ನಬಹುದು, ‘ಊಂ’ ಎನ್ನಬಹುದು. ಏನು ಮಾಡಿದರೂ ಅದೇ ಮಾತು. ಆ ಕ್ಷಣವೇ ‘ನೀರು!’ ಎಂದು ಸುರಿಯಿರಿ. ಈ 10 ಎಣಿಸುವುದೇ ಅತಿ ಕಷ್ಟದ ಭಾಗ, ನಮಗೆ ಸುಮ್ಮನಿರಲು ಬರುವುದಿಲ್ಲ.

ಇದರಲ್ಲಿ ಅಡಗಿರುವ ಸೂತ್ರಗಳು ಬೇರೆಡೆಗೂ ಹೊಂದುತ್ತವೆ. ಮಗು ಏನು ನೋಡುತ್ತಿದೆಯೋ ಅದರ ಬಗ್ಗೆಯೇ ಮಾತಾಡಿ. ಅದು ಒಂದೂ ಶಬ್ದ ಆಡದಿದ್ದರೆ ನೀವು ಒಂದು ಶಬ್ದ ಆಡಿ, ಅದು ಒಂದು ಆಡಿದರೆ ನೀವು ಎರಡು: ‘ದನ’ ಎಂದರೆ ‘ದನ ಬಂತು’. ‘ಇದೇನು? ಇದೇನು? ಹೇಳು, ಹೇಳು’ ಎಂಬ ಪರೀಕ್ಷೆ ನಿಲ್ಲಿಸಿ, ನೆಂಟರಿಗೂ ನಿಲ್ಲಿಸಲು ಹೇಳಿ. ಕೇಳುವ ಮೊದಲೇ ಎಲ್ಲವನ್ನೂ ಕೈಗಿಡಬೇಡಿ. ಇಷ್ಟದ ಚಕ್ಕುಲಿ ಕಾಣುವ ಹಾಗೆ, ಎಟುಕದ ಹಾಗೆ ಗಾಜಿನ ಡಬ್ಬಿಯಲ್ಲಿರಲಿ. ‘ಬಾಳೆಹಣ್ಣಾ, ಮಂಡಕ್ಕಿಯಾ?’ ಎಂದು ಎರಡನ್ನೂ ಹಿಡಿದು ಕೇಳಿ. ಮಾತು ಬಾರದ ಮಗುವಿಗೆ ಚಿತ್ರ ತೋರಿಸಿ ಅಥವಾ ಸನ್ನೆಯಿಂದ ಕೇಳುವುದನ್ನು ಕಲಿಸಿದರೆ ಮಾತು ನಿಂತುಹೋಗುತ್ತದೆ ಎನ್ನುವುದು ತಪ್ಪು ಕಲ್ಪನೆ. ಕೇಳಿದರೆ ಸಿಗುತ್ತದೆ ಎಂದು ತಿಳಿದ ಮಗುವಿಗೆ ರಂಪ ಕಡಿಮೆಯಾಗುತ್ತದೆ.

ದಿನದ ಕ್ರಮವನ್ನು ಚಿತ್ರದಲ್ಲಿ ತೋರಿಸಿ. ಹಲ್ಲುಜ್ಜುವುದು, ದೋಸೆ, ಸ್ನಾನ, ಅಂಗನವಾಡಿ, ಊಟ: ಫೋಟೋ ಪ್ರಿಂಟ್ ಹಾಕಿಸಿ ಸಾಲಾಗಿ ಅಂಟಿಸಿ, ಮುಗಿದದ್ದನ್ನು ಮಗುವೇ ತೆಗೆಯಲಿ. ಆಷಾಢದಲ್ಲಿ ಮೂರು ದಿನ ಕರೆಂಟಿಲ್ಲದೆ, ಶಾಲೆಗೆ ರಜೆ ಘೋಷಿಸಿ, ದಿನಚರಿಯೆಲ್ಲ ಅಡಿಮೇಲಾದಾಗ ಈ ಕಾಗದದ ಸಾಲು ಎಷ್ಟು ಉಪಕಾರಿ ಎಂದು ನಿಮಗೇ ಗೊತ್ತಾಗುತ್ತದೆ.

ರಂಪದ ಬಗ್ಗೆ. ಹಟ ಬೇರೆ, ತಡೆಯಲಾರದೆ ಕುಸಿಯುವುದು ಬೇರೆ. ಹಟ ಮಾಡುವ ಮಗು ನೀವು ನೋಡುತ್ತಿದ್ದೀರಾ ಎಂದು ನಡುನಡುವೆ ನೋಡುತ್ತದೆ. ಕೇಳಿದ್ದು ಕೊಟ್ಟರೆ ನಿಲ್ಲುತ್ತದೆ. ಅಡಿಕೆ ಸುಲಿಯುವ ಯಂತ್ರ ಶುರುವಾದಾಗ, ಮಾರಿಜಾತ್ರೆಯ ಡೊಳ್ಳಿನ ನಡುವೆ, ಮದುವೆಮನೆಯ ಗದ್ದಲದಲ್ಲಿ ಕಿವಿ ಮುಚ್ಚಿ ಕಿರುಚುವ ಮಗು ಏನನ್ನೂ ಕೇಳುತ್ತಿಲ್ಲ, ಅದಕ್ಕೆ ತಡೆಯಲಾಗುತ್ತಿಲ್ಲ. ಹೊಡೆದರೆ ನೋವು ಇನ್ನೊಂದು ಸೇರಿತು. ಸದ್ದಿಲ್ಲದ ಕಡೆ ಒಯ್ಯಿರಿ, ಮಾತು ಕಡಿಮೆ ಮಾಡಿ, ಕಾಯಿರಿ. ಸುಗ್ಗಿಯಲ್ಲಿ ಯಂತ್ರ ಅಂಗಳಕ್ಕೆ ಬರುವ ದಿನ ಮೊದಲೇ ಗೊತ್ತಿರುತ್ತದಲ್ಲ, ಆ ಹೊತ್ತಿಗೆ ಮಗುವನ್ನು ಪಕ್ಕದ ಮನೆಗೆ ದಾಟಿಸುವ ಏರ್ಪಾಡಿರಲಿ.

ಇನ್ನು ನೀರು. ಇದನ್ನು ನಾನು ಪ್ರತಿ ಮನೆಗೂ ಎರಡು ಸಲ ಹೇಳುತ್ತೇನೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಹೇಳದೆ ಮನೆಯಿಂದ ನಡೆದುಬಿಡುವ ಅಭ್ಯಾಸ. ನೀರಿನ ಸೆಳೆತ ಬೇರೆ. ನಮ್ಮಲ್ಲಿ ಮನೆ ಸುತ್ತ ಕಟ್ಟೆಯಿಲ್ಲದ ಬಾವಿ, ಕೃಷಿ ಹೊಂಡ, ತೋಟದ ಕಪ್ಪು (ನೀರು ಬಸಿಯುವ ಕಾಲುವೆ), ಮಳೆಗಾಲದ ಹಳ್ಳ. ಬಾವಿಗೆ ಕಬ್ಬಿಣದ ಬಲೆ, ಹೊಂಡಕ್ಕೆ ಬೇಲಿ, ಹೊರಬಾಗಿಲಿಗೆ ಮಗುವಿಗೆ ಎಟುಕದ ಎತ್ತರದಲ್ಲಿ ಚಿಲಕ, ಕಾಲಿಗೆ ಗೆಜ್ಜೆ. ಗಂಡು ಮಗುವಾದರೂ ಗೆಜ್ಜೆ ಇರಲಿ, ಯಾರು ನಕ್ಕರೂ ಸರಿ. ಮಗು ಕಾಣದಿದ್ದರೆ ಮೊದಲು ನೀರಿನ ಕಡೆ ಓಡಿ, ಆಮೇಲೆ ಅಟ್ಟ, ಕೊಟ್ಟಿಗೆ. ಹೆಸರು ಹೇಳಲು ಬಾರದ ಮಗುವಿನ ಕೊರಳಲ್ಲೋ ಅಂಗಿಯ ಒಳಮಗ್ಗುಲಲ್ಲೋ ನಿಮ್ಮ ಫೋನ್ ನಂಬರ್ ಇರಬೇಕು.

ಹಂತ 6: ಹಣ ಎಲ್ಲಿ ಸುರಿಯಬಾರದು

ಬಜೆ ತೇಯ್ದು ನಾಲಗೆಗೆ ಹಚ್ಚಿದರೆ ಮಾತು ಬರುತ್ತದೆ ಎಂದು ಹೇಳದ ಅಜ್ಜಿ ನಮ್ಮಲ್ಲಿಲ್ಲ. ಬರುವುದಿಲ್ಲ. ನಾಲಗೆಯ ಕೆಳಗಿನ ದಾರ ಕತ್ತರಿಸಿದರೂ ಬರುವುದಿಲ್ಲ. ಆ ದಾರ ಬಿಗಿಯಿದ್ದರೆ ಕೂಸಿಗೆ ಹಾಲು ಕುಡಿಯಲು ತೊಡಕಾಗಬಹುದು, ಕೆಲವು ಅಕ್ಷರಗಳ ಉಚ್ಚಾರ ಕೆಡಬಹುದು, ಆದರೆ ಮಾತೇ ಬಾರದಿರುವುದಕ್ಕೆ ಅದು ಕಾರಣವಲ್ಲ. ಹರಕೆ ಹೇಳಿಕೊಳ್ಳಿ, ನೂಲು ಕಟ್ಟಿಸಿ, ಬೇಡ ಎನ್ನುವವಳು ನಾನಲ್ಲ. ಅದಕ್ಕಾಗಿ ಆಸ್ಪತ್ರೆಯ ದಿನ ಮುಂದೂಡಬೇಡಿ ಎಂದಷ್ಟೇ ನನ್ನ ಬೇಡಿಕೆ.

ದೊಡ್ಡ ಹಣ ಹೋಗುವುದು ಬೇರೆ ಕಡೆ. ಆಟಿಸಂಗೆ ‘ಸ್ಟೆಮ್ ಸೆಲ್’ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಅದನ್ನು ಶಿಫಾರಸು ಮಾಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ದೇಹದಿಂದ ಲೋಹ ತೆಗೆಯುತ್ತೇವೆ ಎನ್ನುವ ‘ಕೀಲೇಶನ್’ ಅಪಾಯಕಾರಿ. ಗೋಧಿ-ಹಾಲು ಬಿಡಿಸುವ ಪಥ್ಯದಿಂದ ಆಟಿಸಂ ಹೋಗುವುದಿಲ್ಲ; ಮೊದಲೇ ನಾಲ್ಕೇ ಪದಾರ್ಥ ತಿನ್ನುವ ಮಗುವಿನ ಎರಡು ಕಿತ್ತುಕೊಂಡ ಹಾಗೆ. ಡಾಕ್ಟರು ಕೊಡುವ ಕೆಲವು ಔಷಧಗಳು ವಿಪರೀತ ಸಿಟ್ಟು, ನಿದ್ದೆಗೇಡು, ಫಿಟ್ಸ್, ಚಂಚಲತೆಗೆ ನಿಜಕ್ಕೂ ಉಪಕಾರಿ, ಅವನ್ನು ನೀವಾಗಿ ನಿಲ್ಲಿಸಬೇಡಿ. ಆದರೆ ಮಾತು ತರಿಸುವ ಮಾತ್ರೆ ಎಂಬುದು ಇಲ್ಲ.

ಥೆರಪಿ ಕೇಂದ್ರ ಆರಿಸುವಾಗ ಮೂರು ಕೇಳಿ: ನಾನು ಒಳಗೆ ಕೂರಬಹುದಾ? ಈ ಮೂರು ತಿಂಗಳ ಗುರಿ ಏನು? ಮನೆಯಲ್ಲಿ ಏನು ಮಾಡಲಿ? ಬಾಗಿಲು ಹಾಕಿಕೊಂಡು, ‘ನೀವು ಹೊರಗಿರಿ, 6 ತಿಂಗಳಲ್ಲಿ ನಾರ್ಮಲ್ ಮಾಡಿಕೊಡ್ತೇವೆ’ ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ಹಂತ 7: ಶಾಲೆ

ಅಂಗವೈಕಲ್ಯವಿದೆ ಎಂದು ಮಗುವನ್ನು ಸೇರಿಸಿಕೊಳ್ಳದಿರುವ ಹಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸಿದೆ; ಆಟಿಸಂ, ಬೌದ್ಧಿಕ ವಿಕಲತೆ, ಸೆರೆಬ್ರಲ್ ಪಾಲ್ಸಿ, ಕಲಿಕಾ ನ್ಯೂನತೆ ಎಲ್ಲವೂ ಅದರಲ್ಲಿವೆ. ಶೇ. 40 ಅಥವಾ ಹೆಚ್ಚು ವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ‘ನಿಮ್ಮ ಮಗು ನಮ್ಮ ಶಾಲೆಗೆ ಆಗಲ್ಲ, ಟಿಸಿ ತಗೊಳ್ಳಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಬರೆದುಕೊಡಲು ಕೇಳಿ. ಬಹುಪಾಲು ಮಾತು ಅಲ್ಲಿಗೇ ನಿಲ್ಲುತ್ತದೆ. ಮುಂದುವರಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಡಿ.

ತಾಲ್ಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಇಂಥ ಮಕ್ಕಳಿಗಾಗಿಯೇ ‘ಬಿಐಇಆರ್‌ಟಿ’ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆಯಿದ್ದರೆ ಗೃಹಾಧಾರಿತ ಶಿಕ್ಷಣದ ಏರ್ಪಾಡೂ ಇದೆ. ಆದರೆ ಎಚ್ಚರ: ಬರಲು ಸಾಧ್ಯವಿರುವ ಮಗುವನ್ನೂ ಮನೆಯಲ್ಲೇ ಇರಿಸಲು ಇದನ್ನು ನೆಪ ಮಾಡಬಾರದು.

ಟೀಚರಿಗೆ ಒಂದು ಪುಟ ಬರೆದುಕೊಡಿ. ರೋಗದ ಹೆಸರಿಗಿಂತ ಉಪಯೋಗದ ಮಾತು ಇರಲಿ: ‘ಗಂಟೆ ಹೊಡೆದರೆ ಹೆದರುತ್ತಾನೆ, ಮೊದಲೇ ಹೇಳಿ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದು ಮಾತ್ರ ಮಾಡುತ್ತಾನೆ. ಮೂತ್ರಕ್ಕೆ ಹೋಗಬೇಕಾದರೆ ಚಡ್ಡಿ ಹಿಡಿದುಕೊಳ್ಳುತ್ತಾನೆ.’

ಓದು-ಬರಹದ ತೊಂದರೆಗೆ ಅವಸರ ಬೇಡ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ಕಲಿಯಬೇಕಾದ ರೂಪಗಳು ನೂರಾರು; ಒಂದನೇ ಕ್ಲಾಸಿನಲ್ಲಿ ಬ-ಭ ಅದಲುಬದಲಾದರೆ, ಒತ್ತು ಬಿಟ್ಟುಹೋದರೆ ಅದು ನ್ಯೂನತೆಯಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ತಪಾಸಣೆ ಮಾಡುವುದೂ ಮೂರನೇ ತರಗತಿ ಅಥವಾ 8 ವರ್ಷದ ಹೊತ್ತಿಗೆ. ಆದರೆ ಅಷ್ಟರವರೆಗೆ ಸುಮ್ಮನಿರಬೇಕೆಂದಲ್ಲ. ಮೂರನೇ ಕ್ಲಾಸಿನಲ್ಲೂ ‘ಅಕ್ಕ’ವನ್ನು ‘ಅಕ’ ಎಂದೇ ಬರೆಯುತ್ತಾ, ಓದಿದ ಸಾಲನ್ನು ಮತ್ತೆ ಹೊಸದರಂತೆ ತಡವರಿಸುತ್ತಾ, ಅದೇ ಪಾಠ ಓದಿ ಹೇಳಿದರೆ ಪಟಪಟ ಉತ್ತರ ಕೊಡುವ ಮಗುವನ್ನು ಸೋಮಾರಿ ಎನ್ನದೆ ತೋರಿಸಿ. ಕಣ್ಣು, ಕಿವಿ ಪರೀಕ್ಷೆ ಮೊದಲು. ಪರೀಕ್ಷೆಗಳಲ್ಲಿ ಲಿಪಿಕಾರ, ಹೆಚ್ಚುವರಿ ಸಮಯದಂಥ ಸೌಲಭ್ಯ ಪಡೆಯಲು ಪ್ರಮಾಣಪತ್ರ ಬೇಕು. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಓಡಬೇಡಿ, 8ನೇ ತರಗತಿಯಲ್ಲೇ ಮಾಡಿಸಿಡಿ.

ಹಂತ 8: ಕಾಗದಪತ್ರ

ಬೇಸರದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ‘ಯುಡಿಐಡಿ’ ಎಂಬುದು ವಿಕಲಚೇತನರ ರಾಷ್ಟ್ರೀಯ ಗುರುತಿನ ಚೀಟಿ. ಆನ್‌ಲೈನಿನಲ್ಲಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಮೇಲೆ ಆಸ್ಪತ್ರೆಯ ತಪಾಸಣೆಗೆ ಹೋಗಬೇಕು. ಆಟಿಸಂ ಎಷ್ಟಿದೆ ಎಂದು ಅಳೆಯಲು ‘ಇಸಾ’ ಎಂಬ 40 ಅಂಶಗಳ ಭಾರತದ್ದೇ ಪಟ್ಟಿ ಬಳಸುತ್ತಾರೆ. ಪ್ರಶ್ನೆಗೆ ಉತ್ತರಿಸುವಾಗ ಮಗುವಿನ ಒಳ್ಳೆಯ ದಿನವನ್ನಲ್ಲ, ಸಾಮಾನ್ಯ ದಿನವನ್ನು ಹೇಳಿ. ಚಿಕ್ಕ ಮಕ್ಕಳಿಗೆ ಕೊಡುವುದು ತಾತ್ಕಾಲಿಕ ಪತ್ರ, ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಡಿ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ, ಅವರಿರುವುದೇ ಅದಕ್ಕೆ. ಮಾಸಾಶನ, ಬಸ್ ಪಾಸ್, ರೈಲು ರಿಯಾಯಿತಿಗಳ ದಾರಿಯೂ ಅವರಿಗೆ ಗೊತ್ತಿರುತ್ತದೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ ‘ನಿರಾಮಯ’ ಎಂಬ ಆರೋಗ್ಯ ವಿಮೆಯಿದೆ, ಮೊತ್ತ 1 ಲಕ್ಷ ರೂಪಾಯಿವರೆಗೆ. ಥೆರಪಿ ಖರ್ಚಿಗೂ ಅದರಲ್ಲಿ ಅವಕಾಶವಿದೆ, ರಸೀದಿ ಬಿಸಾಡಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಂದಿರ ಪ್ರಯಾಣ ಉಚಿತವಾಗಿ ಥೆರಪಿಗೆ ಬರುವುದು ಹಗುರಾಗಿದೆ, ಆದರೆ ಖಾಸಗಿ ಬಸ್ಸುಗಳೇ ಓಡುವ ನಮ್ಮ ಎಷ್ಟೋ ಹಳ್ಳಿಗಳಿಗೆ ಅದು ಮುಟ್ಟುವುದಿಲ್ಲ. ಮಗುವಿಗೆ 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಅಪ್ಪ-ಅಮ್ಮ ತಾವಾಗಿ ಪೋಷಕರಲ್ಲ. ಈ ನಾಲ್ಕು ಬಗೆಯ ವಿಕಲತೆಗಳಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಪೋಷಕತ್ವ ಪಡೆಯಬೇಕು. ತೋಟ-ಜಮೀನಿನ ಪಾಲು ಆಗುವ ಮನೆಗಳಲ್ಲಿ ಇದನ್ನು ಮರೆತರೆ ಮುಂದೆ ದೊಡ್ಡ ತಕರಾರು.

ಕೊನೆಗೆ ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುವ ಎರಡು ಪ್ರಶ್ನೆ

ಒಂದು: ‘ನನಗೇ ತಡೆಯೋಕೆ ಆಗ್ತಿಲ್ಲ, ಯಾರಿಗೆ ಹೇಳ್ಲಿ?’ ಕೇಳುವವರು ಹೆಚ್ಚಾಗಿ ತಾಯಂದಿರು. ರಾತ್ರಿ ನಿದ್ದೆಯಿಲ್ಲ, ಹಗಲು ನೆಂಟರ ಮಾತು. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಮತ್ತೆ ಮನೆಯವರಿಗೆ: ವಾರಕ್ಕೆ ಅರ್ಧ ದಿನ ಮಗುವನ್ನು ನೀವು ನೋಡಿಕೊಳ್ಳಿ, ಆಕೆ ತವರಿಗೆ ಹೋಗಲಿ, ಸಂಘದ ಮೀಟಿಂಗಿಗೆ ಹೋಗಲಿ, ಸುಮ್ಮನೆ ಮಲಗಲಿ.

ಎರಡು: ‘ಇನ್ನೊಂದು ಮಗು ಮಾಡ್ಕೋಬಹುದಾ?’ ಮಾಡಿಕೊಳ್ಳಬಹುದು. ಆದರೆ ಗರ್ಭ ಧರಿಸುವ ಮೊದಲೇ ವೈದ್ಯರಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಬಗ್ಗೆ ಕೇಳಿ, ಅಂದರೆ ಈ ತೊಂದರೆ ಮತ್ತೆ ಬರುವ ಸಂಭವ ಎಷ್ಟು ಎಂಬ ಸಮಾಲೋಚನೆ. ಮೊದಲ ಮಗುವಿನ ತೊಂದರೆಗೆ ಕಾರಣ ಗೊತ್ತಾಗಿದ್ದರೆ ಉತ್ತರ ಸ್ಪಷ್ಟ ಸಿಗುತ್ತದೆ. ಆಟಿಸಂ ಇರುವ ಮಗುವಿನ ತಮ್ಮ-ತಂಗಿಗೆ ಅದು ಬರುವ ಸಂಭವ ಬೇರೆ ಮಕ್ಕಳಿಗಿಂತ ಹೆಚ್ಚು ಎಂಬುದು ನಿಜ, ಬಂದೇ ಬರುತ್ತದೆ ಎಂದಲ್ಲ. ಕೂಸು ಹುಟ್ಟಿದ ಮೇಲೆ ಟ್ರಂಕಿನಿಂದ ಆ ಹಳೆಯ ನೋಟ್‌ಬುಕ್ ತೆಗೆಯಿರಿ, ಹಿಂದುಮುಂದಾಗಿ ತಿರುಗಿಸಿ, ಕೊನೆಯ ಪುಟದಿಂದ ಬರೆಯಲು ಶುರು ಮಾಡಿ: ಮೊದಲು ನಕ್ಕ ದಿನ, ಯಾರನ್ನು ನೋಡಿ ನಕ್ಕಿತು.